ಯಜಮಾನರು ಪ್ರೆಸ್ ಮಾರಿದರು, ಕೊಂಡವರು ಬೀಗ ಹಾಕಿದರು. ಬಾಕಿ ಸಂಬಳ ಯಾರನ್ನು ಕೇಳೋದು?

ಅಚ್ಚುಮೊಳೆ
ಎಲ್ಲರಿಗೂ ನಮಸ್ಕಾರ. ಕಾನೂನು ತಿಳಿದವರು, ಇಂಥದ್ದನ್ನು ಅನುಭವಿಸಿದವರು ದಯವಿಟ್ಟು ದಾರಿ ತೋರಿಸಿ.

ನಾನು ಆಫ್‌ಸೆಟ್ ಪ್ರೆಸ್‌ನಲ್ಲಿ ಮೆಷಿನ್ ಆಪರೇಟರ್. ಅಪ್ಪ ಮಕ್ಕಳು ನಡೆಸುತ್ತಿದ್ದ ವ್ಯವಹಾರ. ದೊಡ್ಡ ಯಜಮಾನರು ಇರೋವರೆಗೂ ಸಂಬಳ ಒಂದು ದಿನ ತಡ ಆಗಿದ್ದಿಲ್ಲ. ಅವರು ತೀರಿಕೊಂಡ ಮೇಲೆ ಮಕ್ಕಳಿಬ್ಬರಿಗೂ ಇದನ್ನು ನಡೆಸೋ ಮನಸ್ಸಿರಲಿಲ್ಲ. 2025ರ ಮಧ್ಯದಲ್ಲಿ ಹೊರಗಿನವರೊಬ್ಬರಿಗೆ ಮಾರಿದರು. ಮಾರುವಾಗ ನಮ್ಮನ್ನೆಲ್ಲ ಕೂರಿಸಿಕೊಂಡು, "ನಿಮ್ಮ ಸರ್ವಿಸು, ಸಂಬಳ, ಪಿಎಫ್ ಎಲ್ಲಾ ಇದ್ದ ಹಾಗೇ ಮುಂದುವರಿಯುತ್ತೆ" ಅಂತ ಮಾತು ಕೊಟ್ಟರು. ಕಾಗದ ಮಾತ್ರ ಯಾರಿಗೂ ಕೊಡಲಿಲ್ಲ.

ಹೊಸಬರು ಮೊದಮೊದಲು ಚೆನ್ನಾಗೇ ನಡೆಸಿದರು. ಆಮೇಲೆ ಪೇಪರ್ ಸಪ್ಲೈ ಮಾಡೋರು ಸಾಲ ಕೊಡೋದು ನಿಲ್ಲಿಸಿದರು, ಹಳೇ ಗಿರಾಕಿಗಳು ಒಬ್ಬೊಬ್ಬರೇ ಬಿಟ್ಟು ಹೋದರು. ಡಿಸೆಂಬರ್‌ನಿಂದ ಸಂಬಳ ಇಲ್ಲ. "ಮುಂದಿನ ವಾರ, ಮುಂದಿನ ವಾರ" ಅಂತಾನೇ ಐದು ತಿಂಗಳು ಕೆಲಸ ಮಾಡಿಸಿಕೊಂಡರು. ಈಗ ಗೇಟಿಗೆ ಬೀಗ. ಹೊಸಬರನ್ನು ಕೇಳಿದರೆ "ಹಳೆಯವರು ಸಾಲ ಮುಚ್ಚಿಟ್ಟು ನನಗೆ ಮೋಸ ಮಾಡಿದ್ದಾರೆ, ಅವರನ್ನೇ ಕೇಳಿ" ಅಂತಾರೆ. ಹಳೆಯವರನ್ನು ಕೇಳಿದರೆ "ನಾವು ಮಾರಿ ಆಗಿದೆ, ನಮಗೂ ಅದಕ್ಕೂ ಸಂಬಂಧ ಇಲ್ಲ" ಅಂತಾರೆ. ಇಪ್ಪತ್ತು ಚಿಲ್ಲರೆ ಜನ ಇದ್ದೀವಿ. ಕೆಲವರು ಅಲ್ಲಿ ಇಪ್ಪತ್ತೈದು ವರ್ಷ ದುಡಿದವರು.

ಯಾರ ಮೇಲೆ ಕೇಳಬೇಕು? ಎಲ್ಲಿ ಕೇಳಬೇಕು? ರಾತ್ರಿ ಹೊತ್ತು ಮೆಷಿನ್ ಸಾಗಿಸ್ತಿದ್ದಾರೆ ಅಂತ ವಾಚ್‌ಮನ್ ಹೇಳಿದರು. ಅದೇ ಹೆಚ್ಚು ಭಯ.

ಸಂಜೆಪಾಳಿ
ಮೊದಲು ಪಿಎಫ್ ಪಾಸ್‌ಬುಕ್ ತೆಗೆದು ನೋಡಿ. ಸಂಬಳ ನಿಲ್ಲಿಸಿದವರು ಪಿಎಫ್ ಅದಕ್ಕೂ ಮುಂಚೇನೇ ನಿಲ್ಲಿಸಿರ್ತಾರೆ.

ಕೆಂಪುಶಾಯಿ
ಕೋರ್ಟು ಕಚೇರಿ ಅಂತ ಅಲೆದರೆ ಹತ್ತು ವರ್ಷ. ಎಲ್ಲರೂ ಸೇರಿ ಹಳೇ ಯಜಮಾನರ ಮನೆ ಮುಂದೆ ಕೂತುಬಿಡಿ. ಮಾರಿದ ದುಡ್ಡು ಅವರ ಹತ್ತಿರಾನೇ ತಾನೇ ಇರೋದು.

ಹಳೇಗುಮಾಸ್ತ
@ಕೆಂಪುಶಾಯಿ, ಹೊಟ್ಟೆ ಉರಿಯೋದು ಅರ್ಥ ಆಗುತ್ತೆ. ಆದರೆ ಮನೆ ಮುಂದೆ ಕೂತರೆ ನಾಳೆ ಇವರ ಮೇಲೇ ಪೊಲೀಸ್ ಕಂಪ್ಲೇಂಟ್ ಬರುತ್ತೆ, ಅಸಲು ವಿಷಯ ಪಕ್ಕಕ್ಕೆ ಹೋಗುತ್ತೆ.

@ಅಚ್ಚುಮೊಳೆ, ಎಲ್ಲಕ್ಕಿಂತ ಮೊದಲು ತಿಳ್ಕೋಬೇಕಾದ್ದು ಮಾರಿದ್ದು ಏನನ್ನು ಅನ್ನೋದು. ಬಾಯಲ್ಲಿ ಎಲ್ಲರೂ "ಪ್ರೆಸ್ ಮಾರಿದ್ವಿ" ಅಂತಾರೆ. ಕಾಗದದಲ್ಲಿ ಅದು ಮೂರ್ನಾಲ್ಕು ಥರ ಇರಬಹುದು. ಪ್ರೈವೇಟ್ ಲಿಮಿಟೆಡ್ ಕಂಪನಿ ಆಗಿದ್ದು ಷೇರು ಮಾತ್ರ ಕೈ ಬದಲಾಗಿದ್ದರೆ, ನಿಮಗೆ ಕೆಲಸ ಕೊಟ್ಟವರು ಅಂದೂ ಆ ಕಂಪನಿ, ಇಂದೂ ಅದೇ ಕಂಪನಿ. ಒಬ್ಬರೇ ಮಾಲೀಕರ ಸಂಸ್ಥೆ ಆಗಿದ್ದು ನಡೆಯೋ ವ್ಯವಹಾರವನ್ನೇ ಬಿಟ್ಟುಕೊಟ್ಟಿದ್ದರೆ ಮಾಲೀಕರೇ ಬದಲಾದ ಹಾಗೆ. ಬರೀ ಮೆಷಿನ್, ಜಾಗ ಮಾರಿದ್ದರೆ ಅದು ಇನ್ನೊಂದು ಕಥೆ. ಪಾಲುದಾರಿಕೆ ಸಂಸ್ಥೆ ಆಗಿದ್ದರೆ ಮತ್ತೊಂದು. ಯಾರು ಕೊಡಬೇಕು ಅನ್ನೋ ಉತ್ತರ ಪೂರ್ತಿ ಇದರ ಮೇಲೇ ನಿಂತಿದೆ. ಅದು ತಿಳಿಯದೆ ಲಾಯರ್ ನೋಟಿಸ್ ಕಳಿಸಿದರೆ ತಪ್ಪು ಹೆಸರಿಗೆ ಹೋಗುತ್ತೆ.

ಅಚ್ಚುಮೊಳೆ
ಸಾರ್, ಅದು ನಮಗ್ಯಾರಿಗೂ ಗೊತ್ತಿಲ್ಲ. ಬೋರ್ಡಿನ ಮೇಲೆ ಹೆಸರು ಹಳೇದೇ ಇದೆ. ಕೇಳಿದರೆ ಯಾರೂ ಪತ್ರ ತೋರಿಸಲ್ಲ.

ಲೆಕ್ಕದಕ್ಕ
ಅವರು ತೋರಿಸಬೇಕಾಗಿಲ್ಲ, ನಿಮ್ಮ ಕೈಯಲ್ಲಿರೋ ಕಾಗದದಲ್ಲೇ ಅರ್ಧ ಉತ್ತರ ಇರುತ್ತೆ. ಇಪ್ಪತ್ತು ವರ್ಷದಿಂದ ಸಣ್ಣ ಸಂಸ್ಥೆಗಳ ಲೆಕ್ಕ ಬರೀತಿದ್ದೀನಿ, ಹೀಗೆ ಮಾಡಿ.

ಪ್ರೆಸ್‌ನ ಯಾವುದಾದರೂ ಹಳೇ ಬಿಲ್ಲು, ಡೆಲಿವರಿ ಚಲನ್ ಹುಡುಕಿ. ಅದರ ಮೇಲೆ ಜಿಎಸ್‌ಟಿ ನಂಬರ್ ಇರುತ್ತೆ. ಜಿಎಸ್‌ಟಿ ಜಾಲತಾಣದಲ್ಲಿ ಆ ನಂಬರ್ ಹಾಕಿದರೆ ಲಾಗಿನ್ ಇಲ್ಲದೇನೇ ಕಾನೂನುಬದ್ಧ ಹೆಸರು, ಸಂಸ್ಥೆಯ ಸ್ವರೂಪ (ಒಬ್ಬರ ಮಾಲೀಕತ್ವವೋ, ಪಾಲುದಾರಿಕೆಯೋ, ಕಂಪನಿಯೋ), ನೋಂದಣಿ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ, ಎಲ್ಲಾ ಕಾಣುತ್ತೆ. ಮಾರೋಕೆ ಮುಂಚಿನ ಒಂದು ಬಿಲ್ಲು, ಮಾರಿದ ಮೇಲಿನ ಒಂದು ಬಿಲ್ಲು ಎರಡನ್ನೂ ಪಕ್ಕಪಕ್ಕ ಇಟ್ಟು ನಂಬರ್ ಒಂದೇನಾ ನೋಡಿ. ಇದು ಬಹಳ ಮುಖ್ಯ.

ಕಂಪನಿ ಆಗಿದ್ದರೆ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯದ ಜಾಲತಾಣದಲ್ಲಿ ನಿರ್ದೇಶಕರು ಯಾರು, ಯಾವ ಬ್ಯಾಂಕಿಗೆ ಆಸ್ತಿ ಅಡ ಇದೆ ಅನ್ನೋದು ಸಿಗುತ್ತೆ. ಆಮೇಲೆ ನಿಮ್ಮ ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿ. ಮಾರಿದ ಮೇಲೆ ಸಂಬಳ ಯಾವ ಖಾತೆಯಿಂದ ಬಂತು, ಯಾವ ಹೆಸರಲ್ಲಿ ಬಂತು? ಯಾರಿಗಾದರೂ ಟಿಡಿಎಸ್ ಕಡಿದಿದ್ದರೆ 26ಎಎಸ್ ಅನ್ನೋ ಆದಾಯ ತೆರಿಗೆ ವಿವರಪಟ್ಟಿಯಲ್ಲಿ ಕಡಿದವರ ಹೆಸರು ಇರುತ್ತೆ. ಪಿಎಫ್ ಪಾಸ್‌ಬುಕ್‌ನಲ್ಲಿ ಸಂಸ್ಥೆಯ ಕೋಡ್ ಬದಲಾಗಿದೆಯಾ ನೋಡಿ.

ನೀಲಿಗೆರೆ
ಇಷ್ಟೆಲ್ಲ ಯಾಕೆ, ನೇರ ಎನ್‌ಸಿಎಲ್‌ಟಿಗೆ (ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿ) ಹೋಗಿ. ದಿವಾಳಿ ಸಂಹಿತೆಯಲ್ಲಿ ಕಾರ್ಮಿಕರಿಗೆ ಮೊದಲ ಸ್ಥಾನ ಇದೆ.

ಕಪ್ಪುಕೋಟು
@ನೀಲಿಗೆರೆ, ಎರಡು ತಿದ್ದುಪಡಿ. 2016ರ ದಿವಾಳಿ ಸಂಹಿತೆಯಲ್ಲಿ ಎನ್‌ಸಿಎಲ್‌ಟಿ ಮುಂದೆ ನಡೆಯೋ ಪ್ರಕ್ರಿಯೆ ಕಂಪನಿಗಳಿಗೆ, ಎಲ್‌ಎಲ್‌ಪಿಗಳಿಗೆ (ಸೀಮಿತ ಹೊಣೆಯ ಪಾಲುದಾರಿಕೆ). ಅವರದು ಕಂಪನಿ ಹೌದೋ ಅಲ್ಲವೋ ಅಂತಲೇ ಇನ್ನೂ ಗೊತ್ತಾಗಿಲ್ಲ. ಎರಡನೇದು, 2020ರ ಮಾರ್ಚ್‌ನಿಂದ ಬಾಕಿಯ ಕನಿಷ್ಠ ಮಿತಿ ಒಂದು ಕೋಟಿ ರೂಪಾಯಿ. ಕಾರ್ಮಿಕ ಸಂಘ ಎಲ್ಲರ ಬಾಕಿ ಒಟ್ಟು ಸೇರಿಸಿ ಅರ್ಜಿ ಹಾಕಬಹುದು ಅಂತ ಸುಪ್ರೀಂ ಕೋರ್ಟ್ 2019ರಲ್ಲಿ ಸೆಣಬು ಗಿರಣಿಯೊಂದರ ಪ್ರಕರಣದಲ್ಲಿ ಹೇಳಿದೆ, ನಿಜ. ಆದರೂ ಇಪ್ಪತ್ತು ಜನರ ಐದು ತಿಂಗಳ ಸಂಬಳ ಒಂದು ಕೋಟಿ ಮುಟ್ಟೋದಿಲ್ಲ.

"ಮೊದಲ ಸ್ಥಾನ" ಅನ್ನೋದನ್ನೂ ಬಿಡಿಸಿ ಹೇಳಬೇಕು. ಕಂಪನಿ ಸಮಾಪನೆಗೆ, ಅಂದರೆ ಆಸ್ತಿ ಮಾರಿ ಮುಚ್ಚೋ ಹಂತಕ್ಕೆ ಹೋದಾಗ ಅದರ ಖರ್ಚು ಕಳೆದು, ಹಿಂದಿನ 24 ತಿಂಗಳ ಕಾರ್ಮಿಕರ ಬಾಕಿ, ಅಡಮಾನ ಹಕ್ಕು ಬಿಟ್ಟುಕೊಟ್ಟ, ಸಾಲ ಕೊಟ್ಟವರ ಜೊತೆ ಸಮಾನ ಸ್ಥಾನದಲ್ಲಿ ಬರುತ್ತೆ. ಕಾರ್ಮಿಕ ಅನ್ನೋ ವ್ಯಾಖ್ಯೆಗೆ ಬಾರದ ಉಳಿದ ನೌಕರರದು 12 ತಿಂಗಳ ಬಾಕಿ, ಅದೂ ಒಂದು ಮೆಟ್ಟಿಲು ಕೆಳಗೆ. ಪಿಎಫ್, ಗ್ರಾಚ್ಯುಟಿ ನಿಧಿಯ ಹಣವನ್ನು ಮಾತ್ರ ಸಾಲ ಕೊಟ್ಟವರಿಗೆ ಹಂಚೋ ಆಸ್ತಿಯಲ್ಲಿ ಸೇರಿಸೋ ಹಾಗಿಲ್ಲ.

ನೀಲಿಗೆರೆ
ಒಂದು ಕೋಟಿ ಮಿತಿ ಗೊತ್ತಿರಲಿಲ್ಲ ಸಾರ್. ಜೆಟ್ ಏರ್‌ವೇಸ್ ವಿಮಾನ ಕಂಪನಿಯ ನೌಕರರನ್ನು ನೆನಪಲ್ಲಿಟ್ಟುಕೊಂಡು ಹೇಳಿದ್ದೆ.

ಸಂಜೆಪಾಳಿ
ಜೆಟ್ 2019ರಲ್ಲಿ ನಿಂತದ್ದು, 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಸಮಾಪನೆಗೆ ಆದೇಶ ಕೊಟ್ಟಿತು. ಅಷ್ಟು ದೊಡ್ಡ ಕಂಪನಿ, ದೇಶವೆಲ್ಲ ನೋಡ್ತಿತ್ತು, ಆದರೂ ಅಲ್ಲಿನ ನೌಕರರು ವರ್ಷಗಟ್ಟಲೆ ಕಾದರು. ಸಣ್ಣ ಪ್ರೆಸ್ ಕಾರ್ಮಿಕರಿಗೆ ಆ ದಾರಿ ತೋರಿಸಬೇಡಿ.

ಕಪ್ಪುಕೋಟು
@ಅಚ್ಚುಮೊಳೆ, ನಿಮ್ಮ ಬಾಕಿ ಎರಡು ಬೇರೆ ಬೇರೆ ಗಂಟು. ಕೂಡಿಸಿ ಮಾತಾಡಿದರೆ ಇಬ್ಬರೂ ತಪ್ಪಿಸಿಕೊಳ್ತಾರೆ.

ಒಂದು, ಡಿಸೆಂಬರ್‌ನಿಂದ ಬಾರದ ಸಂಬಳ. 2025ರ ನವೆಂಬರ್ 21ರಿಂದ ವೇತನ ಸಂಹಿತೆ ಜಾರಿಗೆ ಬಂದಿದೆ, ಆದ್ದರಿಂದ ಈ ಬಾಕಿ ಪೂರ್ತಿ ಅದರಡಿ ಬರುತ್ತೆ. ಕೆಲಸದಿಂದ ತೆಗೆದರೂ, ಸಂಸ್ಥೆ ಮುಚ್ಚಿ ಕೆಲಸ ಹೋದರೂ ಎರಡು ಕೆಲಸದ ದಿನದೊಳಗೆ ಬಾಕಿ ಚುಕ್ತಾ ಮಾಡಬೇಕು. ಕೊಡದಿದ್ದರೆ ಕಾರ್ಮಿಕ ಇಲಾಖೆಯ ಅಧಿಕೃತ ಅಧಿಕಾರಿ ಮುಂದೆ ಕ್ಲೇಮ್ ಅರ್ಜಿ. ಎಲ್ಲರ ಪರವಾಗಿ ಒಂದೇ ಅರ್ಜಿ ಸಾಕು. ಬಾಕಿಯ ಜೊತೆ ಅದರ ಹತ್ತು ಪಟ್ಟಿನವರೆಗೂ ಪರಿಹಾರ ಕೊಡಿಸೋ ಅಧಿಕಾರ ಆ ಅಧಿಕಾರಿಗಿದೆ. ಅಷ್ಟೂ ಸಿಗುತ್ತೆ ಅಂತ ನಂಬಬೇಡಿ, ಕೇಳೋದನ್ನಂತೂ ಬಿಡಬೇಡಿ. ಇನ್ನೊಂದು ಒಳ್ಳೆಯ ಅಂಶ: ಸಂಬಳ ಕೊಟ್ಟಿದ್ದೀನಿ ಅಂತ ಸಾಬೀತು ಮಾಡೋ ಹೊಣೆ ಮಾಲೀಕರದು. ಕೊಟ್ಟಿಲ್ಲ ಅಂತ ನೀವು ಸಾಬೀತು ಮಾಡಬೇಕಾಗಿಲ್ಲ.

ಎರಡು, ಇಷ್ಟು ವರ್ಷದ ಸರ್ವಿಸ್‌ಗೆ ಸಂಬಂಧಿಸಿದ್ದು, ಅಂದರೆ ಗ್ರಾಚ್ಯುಟಿ ಮತ್ತು ಪರಿಹಾರ. ಮಾರಾಟ ಆದದ್ದು ಹಳೇ ಕಾನೂನು ಇದ್ದಾಗ, ಹಾಗಾಗಿ 1947ರ ಕೈಗಾರಿಕಾ ವಿವಾದ ಕಾಯ್ದೆಯ 25ಎಫ್‌ಎಫ್ ನೋಡಬೇಕು. ವ್ಯವಹಾರ ಬೇರೆಯವರ ಕೈಗೆ ಹೋದಾಗ, ವರ್ಷ ತುಂಬಿದ ಕಾರ್ಮಿಕರಿಗೆ ನೋಟಿಸ್ ಮತ್ತು ಪ್ರತಿ ಪೂರ್ಣ ವರ್ಷಕ್ಕೆ 15 ದಿನದ ಸರಾಸರಿ ಸಂಬಳ ಕೊಡಬೇಕು. ಕೊಡದೇ ಇರಬೇಕು ಅಂದರೆ ಮೂರೂ ಷರತ್ತು ಪೂರೈಸಿರಬೇಕು: ಸೇವೆ ತುಂಡಾಗಿರಬಾರದು, ಹೊಸ ಷರತ್ತುಗಳು ಹಿಂದಿನದಕ್ಕಿಂತ ಕೀಳಾಗಿರಬಾರದು, ಮುಂದೆ ಕೆಲಸದಿಂದ ತೆಗೆದರೆ ಹಳೇ ಸೇವೆಯನ್ನೂ ಸೇರಿಸಿ ಪರಿಹಾರ ಕೊಡೋಕೆ ಕೊಂಡವರು ಕಾನೂನುಬದ್ಧವಾಗಿ ಬದ್ಧರಾಗಿರಬೇಕು. ಈ ಮೂರನೇದು ಬಾಯಿಮಾತಲ್ಲಿ ಆಗೋದಲ್ಲ, ಮಾರಾಟದ ಕರಾರಿನಲ್ಲಿ ಇರಬೇಕು. ಇಲ್ಲದಿದ್ದರೆ ಹಳೆಯವರ ಮೇಲೆ ಆ ಹೊಣೆ ಇದೆ ಅಂತ ವಾದಿಸೋಕೆ ಜಾಗ ಇದೆ.

ಕೆಂಪುಶಾಯಿ
ನೋಡಿ, ನಾನು ಹೇಳಿದ್ದೂ ಅದೇ. ಹಳೆಯವರು ಕೊಡಬೇಕು!

ಕಪ್ಪುಕೋಟು
ಅಷ್ಟು ಸಲೀಸಲ್ಲ. ನಿಜವಾದ ಮಾರಾಟ ಆಗಿದ್ದರೆ, ಮಾರಿದ ಮೇಲಿನ ಐದು ತಿಂಗಳ ಸಂಬಳಕ್ಕೆ ಹಳೆಯವರನ್ನು ಹಿಡಿಯೋದು ಕಷ್ಟ.

ಮಾರಿದಮನೆ
ಈ ಚರ್ಚೆ ಓದ್ತಾ ಸಂಕಟ ಆಯ್ತು, ಅದಕ್ಕೇ ಬರೀತಿದ್ದೀನಿ. ನಾವೂ ಅಪ್ಪ ಕಟ್ಟಿದ ಘಟಕ ಮಾರಿದವರೇ. ಮಾರಿದವರೆಲ್ಲ ದುಡ್ಡು ಹೊಡೆದುಕೊಂಡು ಓಡಿದವರು ಅನ್ನೋ ಥರ ಮಾತಾಡಬೇಡಿ. ನಾವು ಮಾರೋಕೆ ಮುಂಚೆ ಪ್ರತಿಯೊಬ್ಬರ ಗ್ರಾಚ್ಯುಟಿ ಲೆಕ್ಕ ಹಾಕಿ ಚೆಕ್ ಕೊಟ್ವಿ, ಪಿಎಫ್ ಚಲನ್‌ಗಳ ಪ್ರತಿ ಕೊಟ್ವಿ, ಯಾರು ಹೊಸಬರ ಜೊತೆ ಹೋಗ್ತಾರೆ ಯಾರು ಹೋಗಲ್ಲ ಅಂತ ಬರವಣಿಗೆಯಲ್ಲಿ ಕೇಳಿದ್ವಿ. ಕೊಂಡವರು ನಮಗೇ ಕೊನೇ ಕಂತು ಕೊಡಲಿಲ್ಲ. ವ್ಯವಹಾರ ಮುಳುಗಿದಾಗ ಕೆಲವರು ಬಂದಿದ್ದು ನಮ್ಮ ಅಮ್ಮನ ಹತ್ತಿರ. ಅಮ್ಮ ಅವರನ್ನೆಲ್ಲ ಹೆಸರು ಹಿಡಿದು ಕರೆಯೋರು, ಅವರ ಮುಂದೆ ಏನು ಹೇಳಬೇಕು ತಿಳಿಯದೆ ನಿಂತುಬಿಟ್ಟರು.

ಕಾರ್ಮಿಕರ ದುಡ್ಡು ಬರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಯಾರು ಕೊಡಬೇಕೋ ಅವರೇ ಕೊಡಲಿ.

ಹಳೇಗುಮಾಸ್ತ
@ಮಾರಿದಮನೆ, ನೀವು ಮಾಡಿದ್ದು ಸರಿಯಾದ ಕ್ರಮ. ಹಾಗೆ ಮಾಡಿದವರ ಮೇಲೆ ಕೇಸ್ ನಿಲ್ಲೋದೂ ಇಲ್ಲ. ಇಲ್ಲಿ ಇವರ ಯಜಮಾನರು ಕಾಗದ ಒಂದೂ ಕೊಟ್ಟಿಲ್ಲವಲ್ಲ, ಕೋಪ ಇರೋದು ಅದಕ್ಕೆ.

ತುಂಬುಗೆ
ಸ್ವಲ್ಪ ಬೇರೆ ವಿಷಯ, ಕ್ಷಮಿಸಿ. ನಮ್ಮ ದೊಡ್ಡಪ್ಪನ ಅಂಗಡಿಯಲ್ಲಿ ನಾನು ಹನ್ನೆರಡು ವರ್ಷ ಕೆಲಸ ಮಾಡಿದೆ. ಸಂಬಳ ಅಂತ ಇರಲಿಲ್ಲ, "ನೀನು ಮನೆ ಮಗ, ಮುಂದೆ ಎಲ್ಲ ನಿಂದೇ" ಅಂತಿದ್ದರು. ಈಗ ಅಂಗಡಿ ಮಾರಿದ್ದಾರೆ, ನನಗೆ ಏನೂ ಇಲ್ಲ. ಇದಕ್ಕೂ ಏನಾದರೂ ದಾರಿ ಇದೆಯಾ?

ಕಪ್ಪುಕೋಟು
@ತುಂಬುಗೆ, ನಿಮ್ಮದು ಇವರಿಗಿಂತ ಕಠಿಣ. ಸಂಬಳದ ಕ್ಲೇಮ್ ನಿಲ್ಲಬೇಕಾದರೆ ಮಾಲೀಕ–ನೌಕರ ಸಂಬಂಧ ಮತ್ತು ಇಷ್ಟು ಸಂಬಳ ಅನ್ನೋ ಒಪ್ಪಂದ ತೋರಿಸಬೇಕು. ಅಂಗಡಿಯ ತೆರಿಗೆ ಲೆಕ್ಕದಲ್ಲಿ ನಿಮ್ಮ ಹೆಸರಿಗೆ ಸಂಬಳದ ಖರ್ಚು ಬರೆದಿದ್ದಾರಾ ಅಂತ ವಿಚಾರಿಸಿ. ಎಷ್ಟೋ ಕುಟುಂಬಗಳಲ್ಲಿ ಹುಡುಗನಿಗೆ ಕೊಡದ ಸಂಬಳವನ್ನು ಪುಸ್ತಕದಲ್ಲಿ ಕೊಟ್ಟ ಹಾಗೆ ಬರೆದಿರ್ತಾರೆ. ಅಂಥದ್ದು ಸಿಕ್ಕರೆ ನಿಮಗೆ ಅದೇ ದೊಡ್ಡ ಸಾಕ್ಷಿ. ಪಿತ್ರಾರ್ಜಿತ ವ್ಯವಹಾರವಾಗಿದ್ದರೆ ಪಾಲಿನ ಪ್ರಶ್ನೆ ಬೇರೆ ಬರುತ್ತೆ. ಪ್ರತ್ಯೇಕ ಚರ್ಚೆ ಶುರು ಮಾಡಿ, ಅಲ್ಲಿ ಬರೀತೀನಿ.

ತುಂಬುಗೆ
ಧನ್ಯವಾದ ಸಾರ್. ಲೆಕ್ಕದ ಪುಸ್ತಕದ ವಿಷಯ ಹೊಳೆದೇ ಇರಲಿಲ್ಲ.

ಅಚ್ಚುಮೊಳೆ
ಲೆಕ್ಕದಕ್ಕ, ನೀವು ಹೇಳಿದ ಹಾಗೆ ಬಿಲ್ಲು ಹುಡುಕಿ ನೋಡಿದ್ವಿ. ಜಿಎಸ್‌ಟಿ ನಂಬರ್ ಮೊದಲೂ ಅದೇ, ಆಮೇಲೂ ಅದೇ. ಸ್ವರೂಪ ಅನ್ನೋ ಕಡೆ ಪಾಲುದಾರಿಕೆ ಅಂತಿದೆ. ಸಂಬಳ ಬರ್ತಿದ್ದ ಬ್ಯಾಂಕ್ ಖಾತೆಯೂ ಬದಲಾಗಿಲ್ಲ. ಪಿಎಫ್ ಕೋಡ್ ಹಳೇದೇ, ಆದರೆ ದುಡ್ಡು ಸೆಪ್ಟೆಂಬರ್‌ನಿಂದಲೇ ಕಟ್ಟಿಲ್ಲ. ನವೆಂಬರ್‌ವರೆಗೂ ನಮ್ಮ ಸಂಬಳದಲ್ಲಿ ಪಿಎಫ್ ಹಿಡಿದಿದ್ದಾರೆ, ಚೀಟಿ ನಮ್ಮ ಹತ್ತಿರ ಇದೆ.

ಲೆಕ್ಕದಕ್ಕ
ಹಾಗಾದರೆ ಇದು ಮಾರಾಟ ಅಂತ ಕರೆದದ್ದು ಅಷ್ಟೇ. ಸಂಸ್ಥೆ ಹಾಗೇ ಇದೆ, ಒಳಗೆ ಪಾಲುದಾರರು ಬದಲಾಗಿದ್ದಾರೆ. ಕಪ್ಪುಕೋಟು ಸಾರ್ ಇದನ್ನು ನೋಡಬೇಕು.

ಕಪ್ಪುಕೋಟು
ನೋಡಿದೆ. ಚಿತ್ರವೇ ಬದಲಾಯ್ತು.

1932ರ ಪಾಲುದಾರಿಕೆ ಕಾಯ್ದೆಯಲ್ಲಿ ಸಂಸ್ಥೆಯ ಸಾಲಕ್ಕೆ ಪ್ರತಿ ಪಾಲುದಾರರೂ ಜಂಟಿಯಾಗಿಯೂ ಪ್ರತ್ಯೇಕವಾಗಿಯೂ ಹೊಣೆ. ಅಂದರೆ ಪೂರ್ತಿ ಬಾಕಿಯನ್ನು ಅವರಲ್ಲಿ ಯಾರೊಬ್ಬರಿಂದಲೂ ಕೇಳಬಹುದು, ಅವರ ಸ್ವಂತ ಆಸ್ತಿಗೂ ಕೈ ಹಾಕಬಹುದು. ಕಂಪನಿಯಲ್ಲಿ ಈ ಅನುಕೂಲ ಇಲ್ಲ, ಅಲ್ಲಿ ಕಂಪನಿ ಖಾಲಿ ಆದರೆ ನಿರ್ದೇಶಕರ ಮನೆ ಬಾಗಿಲಿಗೆ ಹೋಗೋದು ಬಹಳ ಕಷ್ಟ.

ಈಗ ಅಸಲು ಪ್ರಶ್ನೆ. ಹಳೇ ಯಜಮಾನರ ಮಕ್ಕಳು ಪಾಲುದಾರಿಕೆಯಿಂದ ಹೊರಗೆ ಹೋದದ್ದಕ್ಕೆ ಸಾರ್ವಜನಿಕ ಪ್ರಕಟಣೆ ಕೊಟ್ಟಿದ್ದಾರಾ? ನೋಂದಾಯಿತ ಸಂಸ್ಥೆ ಆಗಿದ್ದರೆ ಸಂಸ್ಥೆಗಳ ರಿಜಿಸ್ಟ್ರಾರ್‌ಗೆ ತಿಳಿಸಬೇಕು, ರಾಜ್ಯಪತ್ರದಲ್ಲಿ (ಸರ್ಕಾರಿ ಗೆಜೆಟ್) ಮತ್ತು ಕನಿಷ್ಠ ಒಂದು ದೇಶಭಾಷೆಯ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಪ್ರಕಟಣೆ ಆಗೋವರೆಗೂ ಹೊರಗಿನವರ ಮಟ್ಟಿಗೆ ಅವರ ಹೊಣೆ ಮುಂದುವರಿಯುತ್ತೆ ಅಂತ 32ನೇ ಕಲಮು ಹೇಳುತ್ತೆ. ಹೊರಗೆ ಹೋಗೋಕೆ ಮುಂಚಿನ ಬಾಕಿಗೆ ಅವರು ಹೇಗೂ ಹೊಣೆಗಾರರೇ, ನಿಮ್ಮ ಜೊತೆ ಬೇರೆ ಒಪ್ಪಂದ ಆಗಿದ್ದರೆ ಮಾತ್ರ ಬಿಡುಗಡೆ.

ರಿಜಿಸ್ಟ್ರಾರ್ ಕಚೇರಿಯಲ್ಲಿ ಅರ್ಜಿ ಕೊಟ್ಟು, ಶುಲ್ಕ ಕಟ್ಟಿ, ಸಂಸ್ಥೆಯ ನೋಂದಣಿ ಪುಸ್ತಕದ ದೃಢೀಕೃತ ಪ್ರತಿ ತಗೊಳ್ಳಿ.

ಮಾರಿದಮನೆ
ಸಾರ್, ಒಂದು ವಾದ. ಮಾರೋ ದಿನ ಎಲ್ಲರನ್ನೂ ಕೂರಿಸಿ ಹೇಳಿದ್ದಾರೆ ಅಂತ ಅಚ್ಚುಮೊಳೆ ಅವರೇ ಬರೆದಿದ್ದಾರೆ. ಕಾರ್ಮಿಕರಿಗೆ ಖುದ್ದು ಗೊತ್ತಿದ್ದ ಮೇಲೆ ಪತ್ರಿಕೆಯ ಪ್ರಕಟಣೆ ಯಾಕೆ ಬೇಕು?

ಕಪ್ಪುಕೋಟು
ಹಳೆಯವರ ವಕೀಲರು ಮೊದಲು ಎತ್ತೋ ವಾದ ಅದೇ, ಹಗುರವಾದದ್ದೂ ಅಲ್ಲ. ಆದರೆ ಅವತ್ತು ಹೇಳಿದ್ದೇನು? "ಎಲ್ಲಾ ಇದ್ದ ಹಾಗೇ ಮುಂದುವರಿಯುತ್ತೆ" ಅಂತ. ಪಾಲುದಾರಿಕೆಯಿಂದ ಪೂರ್ತಿ ಹೊರಗೆ ಹೋಗ್ತಿದ್ದೀವಿ ಅಂದರೋ, ನಡೆಸೋರು ಬದಲಾಗ್ತಾರೆ ಅಂದರೋ? ರಿಜಿಸ್ಟ್ರಾರ್ ಪುಸ್ತಕದಲ್ಲಿ ಇವತ್ತಿಗೂ ಅವರ ಹೆಸರು ಇದ್ದರೆ ಅವರ ವಾದ ತುಂಬಾ ದುರ್ಬಲ ಆಗುತ್ತೆ. ಅದನ್ನು ತೀರ್ಮಾನ ಮಾಡೋದು ಅಧಿಕಾರಿ. ಅರ್ಜಿಯಲ್ಲಿ ಸಂಸ್ಥೆ, ಹೊಸ ಪಾಲುದಾರ, ಹಳೇ ಪಾಲುದಾರರಿಬ್ಬರು, ಎಲ್ಲರ ಹೆಸರೂ ಇರಲಿ. ಒಬ್ಬರನ್ನು ಬಿಟ್ಟು ಆಮೇಲೆ ಸೇರಿಸೋಕೆ ಹೋದರೆ ಕಾಲ ಹೋಗುತ್ತೆ.

ಕೆಂಪುಶಾಯಿ
ಒಂದು ವರ್ಷದೊಳಗೆ ಅರ್ಜಿ ಹಾಕದಿದ್ದರೆ ಹೋಯ್ತು ಅಂತ ನಮ್ಮ ಯೂನಿಯನ್‌ನವರು ಹೇಳ್ತಿದ್ದರು.

ಸಂಜೆಪಾಳಿ
ಅದು 1936ರ ವೇತನ ಪಾವತಿ ಕಾಯ್ದೆಯ ಲೆಕ್ಕ. ಆಗ 12 ತಿಂಗಳು, ಅದೂ ತಿಂಗಳಿಗೆ 24,000 ರೂಪಾಯಿವರೆಗಿನ ಸಂಬಳದವರಿಗೆ ಮಾತ್ರ. ವೇತನ ಸಂಹಿತೆಯಲ್ಲಿ ಮೂರು ವರ್ಷ, ಸಂಬಳದ ಮಿತಿಯೂ ಇಲ್ಲ.

ಹಳೇಗುಮಾಸ್ತ
ಮೂರು ವರ್ಷ ಇದೆ ಅಂತ ಕೂರಬೇಡಿ ಮಾರಾಯರೇ. ಕಾನೂನಿನ ಗಡುವು ಕಾಯುತ್ತೆ, ಮೆಷಿನ್ನು ಕಾಯಲ್ಲ.

ಅಚ್ಚುಮೊಳೆ
ನಮ್ಮ ಫೋರ್‌ಮನ್ ಅಣ್ಣ ಕೇಳ್ತಿದ್ದಾರೆ. ಅವರ ಸಂಬಳ ಜಾಸ್ತಿ, ಮೇಲ್ವಿಚಾರಣೆ ಕೆಲಸ. "ನೀವು ಕಾರ್ಮಿಕರಲ್ಲ, ನಿಮಗೆ ಅನ್ವಯಿಸಲ್ಲ" ಅಂತ ಹೊಸಬರು ಹೇಳಿದ್ದಾರಂತೆ. ನಿಜವಾ?

ಕಪ್ಪುಕೋಟು
ಅರ್ಧ ನಿಜ ಹೇಳಿ ಹೆದರಿಸಿದ್ದಾರೆ. ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ತಿಂಗಳಿಗೆ 18,000ಕ್ಕಿಂತ ಹೆಚ್ಚು ಪಡೆಯೋ ಮೇಲ್ವಿಚಾರಕರು "ಕಾರ್ಮಿಕ" ವ್ಯಾಖ್ಯೆಯಿಂದ ಹೊರಗೆ. ಹಳೇ ಕಾಯ್ದೆಯಲ್ಲಿ ಅದು 10,000 ಇತ್ತು. ಹಾಗಾಗಿ ಕೆಲಸದಿಂದ ತೆಗೆದ ಪರಿಹಾರದಲ್ಲಿ ಅವರಿಗೆ ಅಡ್ಡಿ ಬರಬಹುದು. ಆದರೆ ಬಾಕಿ ಸಂಬಳಕ್ಕೆ ವೇತನ ಸಂಹಿತೆ ನೋಡೋದು "ನೌಕರ" ಅನ್ನೋ ವ್ಯಾಖ್ಯೆಯನ್ನು, ಅದರಲ್ಲಿ ಮೇಲ್ವಿಚಾರಕರು, ಮ್ಯಾನೇಜರ್ ಎಲ್ಲರೂ ಸೇರ್ತಾರೆ. ಗ್ರಾಚ್ಯುಟಿಗೂ ಆ ಅಡ್ಡಿ ಇಲ್ಲ. ಅವರೂ ನಿಮ್ಮ ಜೊತೆ ಸಹಿ ಹಾಕಲಿ.

ಬಾಡಿಗೆಮನೆ
ಗ್ರಾಚ್ಯುಟಿ ಸಣ್ಣ ಪ್ರೆಸ್‌ಗೂ ಅನ್ವಯಿಸುತ್ತಾ?

ಲೆಕ್ಕದಕ್ಕ
ಹತ್ತು ಜನ ಇದ್ದರೆ ಸಾಕು. ಒಮ್ಮೆ ಅನ್ವಯಿಸಿದ ಮೇಲೆ ಜನ ಕಡಿಮೆ ಆದರೂ ತಪ್ಪಲ್ಲ. ಕಾಯಂ ನೌಕರರಿಗೆ ಐದು ವರ್ಷದ ನಿರಂತರ ಸೇವೆ ಬೇಕು. ಕೊನೇ ಸಂಬಳವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ಸೇವೆಯ ವರ್ಷದಿಂದ ಗುಣಿಸಿ. ಗರಿಷ್ಠ 20 ಲಕ್ಷ. ಮೂವತ್ತು ದಿನದೊಳಗೆ ಕೊಡಬೇಕು, ತಡವಾದರೆ ಬಡ್ಡಿ ಸೇರುತ್ತೆ. ಇಪ್ಪತ್ತೈದು ವರ್ಷ ದುಡಿದವರು ಇದ್ದಾರಲ್ಲ, ಅವರಿಗೆ ಐದು ತಿಂಗಳ ಸಂಬಳಕ್ಕಿಂತ ಇದೇ ದೊಡ್ಡ ಮೊತ್ತ. ಎಲ್ಲರೂ ಸಂಬಳದ ಜಗಳದಲ್ಲೇ ಮುಳುಗಿ ಇದನ್ನು ಮರೆತುಬಿಡ್ತಾರೆ. ಅರ್ಜಿ ಬೇರೆ, ಗ್ರಾಚ್ಯುಟಿಯ ಸಕ್ಷಮ ಪ್ರಾಧಿಕಾರದ ಮುಂದೆ.

ಸಂಜೆಪಾಳಿ
ಪಿಎಫ್ ವಿಷಯ ಬಿಟ್ಟೇಹೋಯ್ತು. ನಿಮ್ಮ ಸಂಬಳದಲ್ಲಿ ಹಿಡಿದು ಕಟ್ಟದೇ ಇರೋದು ಬರೀ ಬಾಕಿ ಅಲ್ಲ, ನಂಬಿಕೆ ದ್ರೋಹದ ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 316ನೇ ಕಲಮಿನ ವಿವರಣೆಯಲ್ಲೇ ಇದು ಇದೆ. ಪಿಎಫ್ ಕುಂದುಕೊರತೆ ಜಾಲತಾಣದಲ್ಲಿ ಯುಎಎನ್ (ನಿಮ್ಮ ಪಿಎಫ್ ಸಂಖ್ಯೆ) ಹಾಕಿ ಎಲ್ಲರೂ ದೂರು ಕೊಡಿ, ಸಂಬಳ ಚೀಟಿ ಲಗತ್ತಿಸಿ. ಒಬ್ಬರ ದೂರು ಬಂದರೆ ಅವರೊಬ್ಬರ ಖಾತೆ ಸರಿ ಮಾಡಿ ಮುಗಿಸ್ತಾರೆ, ಹತ್ತು ಜನರದ್ದು ಬಂದರೆ ಸಂಸ್ಥೆಯ ಮೇಲೇ ವಿಚಾರಣೆ ಶುರು ಆಗೋ ಸಾಧ್ಯತೆ ಹೆಚ್ಚು.

ಮಾರಾಟ ಆದಾಗ ಜಾರಿಯಲ್ಲಿದ್ದ 1952ರ ಪಿಎಫ್ ಕಾಯ್ದೆಯಲ್ಲಿ 17ಬಿ ಅನ್ನೋ ಕಲಮು ಇದೆ. ವ್ಯವಹಾರ ಕೈ ಬದಲಾದರೆ, ಬದಲಾದ ದಿನದವರೆಗಿನ ಬಾಕಿಗೆ ಕೊಟ್ಟವರು, ಕೊಂಡವರು ಇಬ್ಬರೂ ಜಂಟಿ ಹೊಣೆ. ಕೊಂಡವರ ಹೊಣೆ ಅವರಿಗೆ ಬಂದ ಆಸ್ತಿಯ ಬೆಲೆಯಷ್ಟು. ಹಳೆಯವರ ಕಾಲದಲ್ಲೂ ಯಾವುದಾದರೂ ತಿಂಗಳು ಬಿಟ್ಟಿದ್ದಾರಾ ನೋಡಿ.

ಕಪ್ಪುಕೋಟು
ಬ್ಯಾಂಕಿನ ಅಡಮಾನಕ್ಕಿಂತ ಪಿಎಫ್ ಬಾಕಿಗೆ ಮೊದಲ ಹಕ್ಕು ಅಂತ 2009ರಲ್ಲಿ ಸುಪ್ರೀಂ ಕೋರ್ಟ್ ಸಹಕಾರಿ ಬ್ಯಾಂಕೊಂದರ ಪ್ರಕರಣದಲ್ಲಿ ಹೇಳಿದೆ. ಸಂಬಳದ ಬಾಕಿಗೆ ಆ ಬಲ ಇಲ್ಲ. ಮೆಷಿನ್ ಬ್ಯಾಂಕಿಗೆ ಅಡ ಇದ್ದರೆ ಅದರಿಂದ ನಿಮಗೆ ಬರೋದು ಕಡಿಮೆ. ಪಾಲುದಾರರ ಸ್ವಂತ ಆಸ್ತಿ ಮೇಲೆ ಕಣ್ಣಿಡಿ ಅಂದಿದ್ದು ಅದಕ್ಕೇ.

ಅಚ್ಚುಮೊಳೆ
ಇವತ್ತು ಹೊಸಬರ ಕಡೆಯಿಂದ ಫೋನ್ ಬಂತು. ಒಂದು ತಿಂಗಳ ಸಂಬಳ ನಗದು ಕೊಡ್ತಾರಂತೆ, ವೋಚರ್ ಮೇಲೆ ಸಹಿ ಹಾಕಬೇಕಂತೆ. ಇಬ್ಬರಿಗೆ ಮನೆ ಬಾಡಿಗೆ ಕಟ್ಟೋಕೂ ಗತಿ ಇಲ್ಲ, ಹೋಗ್ತೀವಿ ಅಂತಿದ್ದಾರೆ. ಬೇಡ ಅನ್ನೋಕೆ ನನಗೆ ಬಾಯಿ ಬರ್ತಿಲ್ಲ.

ಲೆಕ್ಕದಕ್ಕ
ಬೇಡ ಅನ್ನಬೇಡಿ ಅಣ್ಣ, ದುಡ್ಡು ತಗೊಳ್ಳಲಿ. ಆದರೆ ವೋಚರ್ ಓದದೇ ಸಹಿ ಬೇಡ. "ಪೂರ್ತಿ ಲೆಕ್ಕ ಚುಕ್ತಾ", "ಇನ್ನು ಯಾವ ಬಾಕಿಯೂ ಇಲ್ಲ" ಅನ್ನೋ ಸಾಲು ಇದ್ದರೆ ಹೊಡೆದು ಹಾಕಿಸಿ. ಸಹಿಯ ಮೇಲೆ ತಮ್ಮ ಕೈಯಲ್ಲೇ "ಡಿಸೆಂಬರ್ ತಿಂಗಳ ಸಂಬಳ ಮಾತ್ರ, ಉಳಿದ ನಾಲ್ಕು ತಿಂಗಳದ್ದು ಬಾಕಿ ಇದೆ" ಅಂತ ಬರೆದು ಸಹಿ ಹಾಕಲಿ, ಫೋಟೊ ತೆಗೆಯಲಿ. ಖಾಲಿ ವೋಚರ್, ಖಾಲಿ ರೆವಿನ್ಯೂ ಸ್ಟಾಂಪ್ ಮೇಲೆ ಸಹಿ ಅಂದರೆ ಎದ್ದು ಬರಲಿ. ಸಾಧ್ಯ ಆದರೆ ಬ್ಯಾಂಕ್ ಖಾತೆಗೇ ಹಾಕಿ ಅಂತ ಕೇಳಲಿ.

ಹಳೇಗುಮಾಸ್ತ
ಇದು ಬಂಗಾರದಂಥ ಮಾತು. ನಾನಿದ್ದ ಒಂದು ಗಿರಣಿಯಲ್ಲಿ ಕಷ್ಟಕ್ಕೆ ಸಿಕ್ಕಿದವರನ್ನೇ ಒಬ್ಬೊಬ್ಬರಾಗಿ ಕರೆಸಿ ಚುಕ್ತಾ ಕಾಗದ ಮಾಡಿಸಿಕೊಂಡರು. ವಿಚಾರಣೆ ದಿನ ಅರ್ಧ ಜನರ ಹೆಸರು ಅರ್ಜಿಯಿಂದ ಹೊರಗೆ. ಉಳಿದವರು, ಹೋದವರು ಪರಸ್ಪರ ಮುಖ ನೋಡದ ಹಾಗಾಯ್ತು. ಹೋಗೋದಿದ್ದರೆ ಎಲ್ಲರೂ ಒಟ್ಟಿಗೆ ಹೋಗಿ.

ಬಾಡಿಗೆಮನೆ
ಮುಂದಿನ ತಾರೀಕಿನ ಚೆಕ್ ಕೊಟ್ಟರೆ ತಗೋಬಹುದಾ?

ಕಪ್ಪುಕೋಟು
ತಗೊಳ್ಳಿ. ಬೌನ್ಸ್ ಆದರೆ ಅದೊಂದು ಬೇರೆ ಅಸ್ತ್ರ, ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮು. ಬ್ಯಾಂಕಿನಿಂದ ವಾಪಸ್ ಬಂದ ಸುದ್ದಿ ತಿಳಿದ 30 ದಿನದೊಳಗೆ ನೋಟಿಸ್, ನೋಟಿಸ್ ತಲುಪಿ 15 ದಿನ ಅವರಿಗೆ ಅವಕಾಶ, ಅದು ಮುಗಿದ ಒಂದು ತಿಂಗಳೊಳಗೆ ದೂರು. ಗಡುವು ದಾಟಬೇಡಿ.

ಹಾಗೆಯೇ ವಾಟ್ಸಾಪ್‌ನಲ್ಲಿ ಅವರು "ಕೊಡ್ತೀನಿ" ಅಂದ ಸಂದೇಶ, ವಾಯ್ಸ್ ಮೆಸೇಜ್ ಯಾವುದನ್ನೂ ಅಳಿಸಬೇಡಿ, ಫೋನೂ ಬದಲಾಯಿಸಬೇಡಿ. ವಿದ್ಯುನ್ಮಾನ ಸಾಕ್ಷ್ಯ ಕೋರ್ಟಿಗೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತೆ.

ಕೆಂಪುಶಾಯಿ
ಇವೆಲ್ಲ ಮಾಡೋಕೆ ಲಾಯರ್ ಫೀಸ್ ಯಾರು ಕೊಡ್ತಾರೆ? ಸಂಬಳವೇ ಇಲ್ಲದವರು!

ಸಂಜೆಪಾಳಿ
15100ಕ್ಕೆ ಫೋನ್ ಮಾಡಲಿ, ಕಾನೂನು ಸೇವೆಗಳ ಸಹಾಯವಾಣಿ. 1987ರ ಕಾಯ್ದೆ ಪ್ರಕಾರ ಕೈಗಾರಿಕಾ ಕಾರ್ಮಿಕರಿಗೆ, ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೇ ಉಚಿತ ವಕೀಲರನ್ನು ಕೊಡಬೇಕು. ಬೈಂಡಿಂಗ್ ವಿಭಾಗದಲ್ಲಿ ಹೆಣ್ಣುಮಕ್ಕಳು ಇದ್ದೇ ಇರ್ತಾರಲ್ಲ, ಅವರೂ ಅರ್ಜಿ ಕೊಡಲಿ.

ಕೆಂಪುಶಾಯಿ
ಹೌದಾ? ಇದು ಎಲ್ಲ ಕಾರ್ಖಾನೆ ಗೇಟಿನ ಮೇಲೂ ಬರೆದಿರಬೇಕಿತ್ತು. ನಾನೂ ನಮ್ಮವರಿಗೆ ತಿಳಿಸ್ತೀನಿ.

ಅಚ್ಚುಮೊಳೆ
ಸುದ್ದಿ ಹೇಳ್ತೀನಿ. ರಿಜಿಸ್ಟ್ರಾರ್ ಕಚೇರಿಯ ಪ್ರತಿ ಕೈಗೆ ಬಂತು. ಹೊಸಬರ ಹೆಸರು ಪಾಲುದಾರ ಅಂತ ಸೇರಿದೆ. ಹಳೇ ಯಜಮಾನರ ಮಕ್ಕಳಿಬ್ಬರ ಹೆಸರೂ ಹಾಗೇ ಇದೆ, ಹೊರಗೆ ಹೋದ ದಾಖಲೆ ಇಲ್ಲ. ಫೋರ್‌ಮನ್ ಅಣ್ಣನೂ ಸೇರಿ ಎಲ್ಲರೂ ಸಹಿ ಹಾಕಿ ಕಾರ್ಮಿಕ ಇಲಾಖೆಯಲ್ಲಿ ಒಂದೇ ಅರ್ಜಿ ಕೊಟ್ವಿ, ಮೂವರು ಪಾಲುದಾರರ ಹೆಸರೂ ಹಾಕಿದ್ವಿ. ಸ್ವೀಕೃತಿ ಮುದ್ರೆ ಇರೋ ಪ್ರತಿ ತಗೊಂಡಿದ್ದೀವಿ. ಪಿಎಫ್ ದೂರೂ ಎಲ್ಲರದ್ದೂ ಹೋಯ್ತು.

ಇಬ್ಬರು ಹಳೇ ಕೆಲಸಗಾರರು ಮಾತ್ರ ಸಹಿ ಹಾಕೋವಾಗ ಕಣ್ಣೀರು ಹಾಕಿದರು. ದೊಡ್ಡ ಯಜಮಾನರು ಅವರ ಮಕ್ಕಳ ಓದಿಗೆ ಸಹಾಯ ಮಾಡಿದ್ದರು. "ಅವರ ಮಕ್ಕಳ ಮೇಲೆ ಕೈ ಎತ್ತಿದ ಹಾಗಾಯ್ತಲ್ಲ" ಅಂದರು.

ಮಾರಿದಮನೆ
ಅವರಿಗೆ ಹೇಳಿ, ಆ ದೊಡ್ಡ ಯಜಮಾನರು ಇದ್ದಿದ್ದರೆ ಈ ಸಂಬಳ ಕೊಡದೇ ಬಿಡ್ತಿರಲಿಲ್ಲ. ಮಾರಿದ ಮನೆಯವನಾಗಿ ಹೇಳ್ತಿದ್ದೀನಿ, ದುಡಿದದ್ದನ್ನು ಕೇಳೋದು ಯಾರ ಮೇಲೂ ಕೈ ಎತ್ತಿದ ಹಾಗಲ್ಲ.

ಕಪ್ಪುಕೋಟು
ಒಳ್ಳೆಯ ಕೆಲಸ. ರಾಜಿಗೆ ಕರೆದರೆ ಹೋಗಿ, ಆದರೆ ಒಪ್ಪಂದ ಅಧಿಕಾರಿ ಮುಂದೆಯೇ ಬರವಣಿಗೆಯಲ್ಲಿ ಆಗಲಿ, ಕಂತಿನ ತಾರೀಕು ಇರಲಿ. ಮೆಷಿನ್ ಸಾಗಿಸ್ತಿರೋದನ್ನು ಅಧಿಕಾರಿಗೂ, ಅಡ ಇರೋ ಬ್ಯಾಂಕಿಗೂ ಲಿಖಿತವಾಗಿ ತಿಳಿಸಿ. ಅಡವಿಟ್ಟ ಮೆಷಿನ್ ಮಾಯ ಆಗೋದನ್ನು ತಡೆಯೋಕೆ ಬ್ಯಾಂಕಿನವರು ನಿಮಗಿಂತ ಬೇಗ ಓಡಿ ಬರ್ತಾರೆ.

ಹಳೇಗುಮಾಸ್ತ
ಒಂದು ಸೇರಿಸ್ತೀನಿ, ಇದನ್ನು ಈಗಲೇ ಶುರು ಮಾಡಿ. ಆದೇಶ ಬಂದು ಅವರು ಕೊಡದಿದ್ದರೆ ಭೂಕಂದಾಯ ಬಾಕಿಯ ಹಾಗೆ ವಸೂಲಿಗೆ ಕಂದಾಯ ಇಲಾಖೆಗೆ ಹೋಗುತ್ತೆ. ಅಲ್ಲಿ ಎಷ್ಟೋ ಕಡತ ನಿಂತುಹೋಗೋದು ಒಂದೇ ಕಾರಣಕ್ಕೆ: ಬಾಕಿದಾರರ ಆಸ್ತಿ ಎಲ್ಲಿದೆ ಅಂತ ಕಡತದಲ್ಲಿ ಇರೋದಿಲ್ಲ. ನಾವಿದ್ದ ಗಿರಣಿಯಲ್ಲಿ ಕಾರ್ಮಿಕರೇ ಸರ್ವೆ ನಂಬರ್, ಪಹಣಿ, ಋಣಭಾರ ಪ್ರಮಾಣಪತ್ರ ಎಲ್ಲ ತೆಗೆಸಿ ತಹಶೀಲ್ದಾರರ ಕೈಗೆ ಕೊಟ್ಟ ಮೇಲೇ ಕಡತ ಅಲುಗಾಡಿದ್ದು. ಮೂವರು ಪಾಲುದಾರರ ಹೆಸರಲ್ಲಿ ಏನೇನಿದೆ, ಪಟ್ಟಿ ಮಾಡೋ ಕೆಲಸವನ್ನು ನಿಮ್ಮಲ್ಲಿ ಇಬ್ಬರಿಗೆ ವಹಿಸಿ.

ಅಚ್ಚುಮೊಳೆ
ವಹಿಸಿದ್ವಿ ಸಾರ್. ಫೋರ್‌ಮನ್ ಅಣ್ಣ ಮತ್ತು ಬೈಂಡಿಂಗ್ ವಿಭಾಗದ ಅಕ್ಕ ನಾಳೆಯಿಂದ ಅದೇ ಕೆಲಸಕ್ಕೆ ಹೊರಡ್ತಿದ್ದಾರೆ. ಬ್ಯಾಂಕಿಗೆ ಪತ್ರ ಇವತ್ತೇ ಸ್ಪೀಡ್ ಪೋಸ್ಟ್‌ನಲ್ಲಿ ಹಾಕಿದೆ. ವಿಚಾರಣೆ ತಾರೀಕು ಬಂದ ಕೂಡಲೇ ಇಲ್ಲಿ ಹಾಕ್ತೀನಿ.

ಲೆಕ್ಕದಕ್ಕ
ಅಂಚೆ ರಸೀದಿಯನ್ನು ಅರ್ಜಿಯ ಪ್ರತಿಯ ಜೊತೆಗೇ ಇಡಿ ಅಣ್ಣ. ಗ್ರಾಚ್ಯುಟಿ ಅರ್ಜಿ ಇನ್ನೂ ಕೊಟ್ಟ ಹಾಗಿಲ್ಲ, ಯಾರ್ಯಾರದು ಎಷ್ಟು ವರ್ಷ, ಕೊನೇ ಸಂಬಳ ಎಷ್ಟು ಅಂತ ಬರೆದು ಕಳಿಸಿ. ಲೆಕ್ಕ ನಾನು ಹಾಕಿಕೊಡ್ತೀನಿ.